ರಾತ್ರಿ ಎರಡೂವರೆಗೆ ಕಾಣೆಯಾದ ಲಾಗ್

ನವೆಂಬರ್ ಕೊನೆಯ ವಾರದ ಒಂದು ರಾತ್ರಿ. ಗಂಟೆ ಎರಡೂವರೆ. ಮನೆಮಂದಿಯೆಲ್ಲ ಗಾಢ ನಿದ್ರೆಯಲ್ಲಿದ್ದಾರೆ. ಮಹಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ ಕಾಲೇಜು ಹುಡುಗಿಯೊಬ್ಬಳು ಶನಿವಾರ ಬೆಳಗ್ಗೆ ಐದೂವರೆಯಿಂದ ರೇಡಿಯೊ ಮುಂದೆ ಕುಳಿತಿದ್ದಾಳೆ. ಜರ್ಮನಿ, ಇಟಲಿ, ಜಪಾನ್, ಕೆನ್ಯಾ... ಒಂದಾದ ಮೇಲೊಂದು ದೇಶದ ಹವ್ಯಾಸಿಗಳು ಮಾರ್ಸ್ ಸಂಕೇತದಲ್ಲಿ ಅವಳಿಗೆ ಉತ್ತರಿಸುತ್ತಿದ್ದಾರೆ. ಪಕ್ಕದ ಗಣಕದ ಪರದೆಯ ಮೇಲೆ 312 ಸಂಪರ್ಕಗಳು ದಾಖಲಾಗಿವೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ರೇಡಿಯೊ ಬ್ಯಾಟರಿಯ ಮೇಲಿದ್ದುದರಿಂದ ಬದುಕಿತು. ಯುಪಿಎಸ್ ಇಲ್ಲದ ಹಳೆಯ ಗಣಕ ಆರಿಹೋಯಿತು. ಹತ್ತು ನಿಮಿಷದ ನಂತರ ಕರೆಂಟ್ ಬಂತು. ಗಣಕ ಎದ್ದು ನಿಂತಿತು. ಲಾಗ್ ಬರೆಯುವ ತಂತ್ರಾಂಶವನ್ನು ತೆರೆದರೆ ಪರದೆ ಖಾಲಿ! ಸಂಪರ್ಕ ಸಂಖ್ಯೆ ಸೊನ್ನೆ. ಇಪ್ಪತ್ತೊಂದು ಗಂಟೆಗಳ ದುಡಿಮೆ ಎಲ್ಲಿ ಹೋಯಿತು?

ಇದು ಒಬ್ಬಳ ಕಥೆಯಲ್ಲ. ರೇಡಿಯೊ ಸ್ಪರ್ಧೆಗೆ ಇಳಿಯುವ ಬಹುತೇಕ ಹೊಸಬರ ಬಾಳಿನಲ್ಲಿ ಇಂಥ ಒಂದು ರಾತ್ರಿ ಬಂದೇ ಬರುತ್ತದೆ. ಆ ಲಾಗ್ ಏನಾಯಿತು ಎಂಬುದನ್ನು ಆಮೇಲೆ ನೋಡೋಣ. ಅದಕ್ಕೂ ಮುನ್ನ, ಈ ಹುಡುಗಿ ನಿದ್ದೆಗೆಟ್ಟು ಮಾಡುತ್ತಿದ್ದುದಾದರೂ ಏನು?

ಆಕಾಶದಲ್ಲೊಂದು ಪಂದ್ಯ

ಹವ್ಯಾಸಿ ರೇಡಿಯೊ ಅಥವಾ ‘ಹ್ಯಾಮ್’ ಎಂದರೆ, ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರು ತಮ್ಮ ಮನೆಯಿಂದಲೇ ರೇಡಿಯೊ ಮೂಲಕ ಬೇರೆ ಹವ್ಯಾಸಿಗಳೊಡನೆ ಮಾತನಾಡುವುದು. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಈ ಪರೀಕ್ಷೆಗೆ ಕೂರಬಹುದು. ಪಾಸಾದವರಿಗೆ ‘ವಿಯು2’ ಅಥವಾ ‘ವಿಯು3’ ಎಂದು ಆರಂಭವಾಗುವ ಕರೆ ಸಂಕೇತ ಸಿಗುತ್ತದೆ. ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರ ಸಂಕೇತ ವಿಯು2ಆರ್‌ಜಿ ಆಗಿತ್ತು.

ಈ ಹವ್ಯಾಸಿಗಳ ನಡುವೆ ವರ್ಷವಿಡೀ ಸ್ಪರ್ಧೆಗಳು ನಡೆಯುತ್ತವೆ. ಅವುಗಳಲ್ಲಿ ಅತಿ ದೊಡ್ಡದೆಂದರೆ ‘ಸಿಕ್ಯು ವರ್ಲ್ಡ್ ವೈಡ್’. ಧ್ವನಿಯಲ್ಲಿ ಮಾತನಾಡುವ ಸ್ಪರ್ಧೆ ಅಕ್ಟೋಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ. ಮಾರ್ಸ್ ಸಂಕೇತದ ಸ್ಪರ್ಧೆ ನವೆಂಬರ್‌ನ ಕೊನೆಯ ಪೂರ್ಣ ವಾರಾಂತ್ಯದಲ್ಲಿ. ಅವಧಿ 48 ಗಂಟೆ. ಜಾಗತಿಕ ಸಮಯದ (ಯುಟಿಸಿ) ಪ್ರಕಾರ ಶನಿವಾರ ಸೊನ್ನೆ ಗಂಟೆಗೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ ಶುರು. ಮುಗಿಯುವುದು ಸೋಮವಾರದ ಬೆಳಗಿನ ಐದೂವರೆಗೆ.

ಪ್ರತಿ ಸಂಪರ್ಕದಲ್ಲಿ ಇಬ್ಬರೂ ಪರಸ್ಪರರ ಕರೆ ಸಂಕೇತದೊಂದಿಗೆ ಎರಡು ಸಂಖ್ಯೆಗಳನ್ನು ವಿನಿಮಯ ಮಾಡಿಕೊಳ್ಳಬೇಕು: ಸಂಕೇತ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬ ವರದಿ ಮತ್ತು ತಮ್ಮ ವಲಯದ ಸಂಖ್ಯೆ. ಸ್ಪರ್ಧೆಗಾಗಿ ಜಗತ್ತನ್ನು 40 ವಲಯಗಳಾಗಿ ಹಂಚಲಾಗಿದೆ. ಕರ್ನಾಟಕ ಇರುವುದು 22ನೇ ವಲಯದಲ್ಲಿ. ಬೇರೆ ಖಂಡದ ಸಂಪರ್ಕಕ್ಕೆ 3 ಅಂಕ. ನಮ್ಮದೇ ಏಷ್ಯಾದ ಬೇರೆ ದೇಶವಾದರೆ 1 ಅಂಕ. ಸ್ವದೇಶದವರಾದರೆ ಅಂಕವಿಲ್ಲ. ಪ್ರತಿ ತರಂಗಪಟ್ಟಿಯಲ್ಲಿ ದೊರೆತ ಹೊಸ ದೇಶ, ಹೊಸ ವಲಯಗಳ ಮೊತ್ತದಿಂದ ಒಟ್ಟು ಅಂಕವನ್ನು ಗುಣಿಸಬೇಕು. ಉದಾಹರಣೆಗೆ ಯುರೋಪಿನ 40 ಸಂಪರ್ಕಗಳಿಗೆ 120 ಅಂಕ, ಏಷ್ಯಾದ 30 ಸಂಪರ್ಕಗಳಿಗೆ 30 ಅಂಕ, ಒಟ್ಟು 150. ಅದರಲ್ಲಿ 25 ದೇಶ, 12 ವಲಯಗಳು ಸಿಕ್ಕಿದ್ದರೆ 37ರಿಂದ ಗುಣಿಸಿ 5,550. ಅದೇ ಅಂತಿಮ ಅಂಕ. ಒಂದೇ ನಿಲ್ದಾಣದೊಡನೆ ಒಂದು ತರಂಗಪಟ್ಟಿಯಲ್ಲಿ ಎರಡನೇ ಸಲ ಮಾತನಾಡಿದರೆ ಲಾಭವಿಲ್ಲ.

ಈ ಲೆಕ್ಕವನ್ನೆಲ್ಲ ಹಿಂದೆ ಕಾಗದದ ಮೇಲೆ ಇಡುತ್ತಿದ್ದರು. ಒಂದು ಹಾಳೆಯಲ್ಲಿ ಲಾಗ್, ಮತ್ತೊಂದರಲ್ಲಿ ‘ಇವರೊಡನೆ ಆಗಲೇ ಮಾತಾಡಿದೆವೇ?’ ಎಂದು ನೋಡುವ ಪಟ್ಟಿ. 1980ರ ದಶಕದಲ್ಲಿ ಗಣಕಗಳು ಬಂದ ಮೇಲೆ ಈ ಕೆಲಸ ತಂತ್ರಾಂಶದ ಪಾಲಾಯಿತು.

ಒಳಗನ್ನು ತೆರೆದು ತೋರಿಸುವ ತಂತ್ರಾಂಶ

ಇಂದು ಇಂಥ ತಂತ್ರಾಂಶಗಳು ಹತ್ತಾರು ಇವೆ. ಕೆಲವಕ್ಕೆ ಹಣ ಕೊಡಬೇಕು. ಕೆಲವು ಉಚಿತವಾಗಿ ಸಿಗುತ್ತವೆ, ಆದರೆ ಒಳಗಿನ ಸೂತ್ರ ಗುಟ್ಟಾಗಿಯೇ ಇರುತ್ತದೆ. ಮೂರನೆಯ ಬಗೆಯೇ ಮುಕ್ತ ತಂತ್ರಾಂಶ. ಇದರ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಬೇಕಾದವರು ಓದಬಹುದು, ತಿದ್ದಬಹುದು, ಇತರರಿಗೂ ಹಂಚಬಹುದು. ಹೋಟೆಲಿನ ಸಾರು ಉಣ್ಣುವುದಕ್ಕೂ, ಸಾರಿನ ಪುಡಿಯ ಲೆಕ್ಕ ತಿಳಿದು ಮನೆಯಲ್ಲೇ ಮಾಡಿ ನಮ್ಮ ಬಾಯಿಗೆ ತಕ್ಕಂತೆ ಖಾರ ಹೊಂದಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದೂ.

ಸ್ಪರ್ಧೆಯ ಲಾಗ್‌ಗೆಂದೇ ಇರುವ ಮುಕ್ತ ತಂತ್ರಾಂಶಗಳಲ್ಲಿ ‘ಟಿಎಲ್‌ಎಫ್’ ಹಳೆಯದು. ನೆದರ್ಲೆಂಡ್ಸ್‌ನ ಹವ್ಯಾಸಿಯೊಬ್ಬರು 2000ದ ದಶಕದ ಆರಂಭದಲ್ಲಿ ಲಿನಕ್ಸ್‌ಗಾಗಿ ಬರೆದ ಇದನ್ನು ಬೇರೆ ದೇಶಗಳ ಹ್ಯಾಮ್‌ಗಳು ಮುಂದುವರಿಸಿದರು. ಚಿತ್ರವಿಲ್ಲ, ಮೌಸ್ ಬೇಡ. ಬರೀ ಅಕ್ಷರಗಳ ಪರದೆ. ಹಾಗಾಗಿ ಅಟ್ಟ ಸೇರಿದ ಹಳೆಯ ಗಣಕದಲ್ಲೂ ಓಡುತ್ತದೆ. ಪೈಥಾನ್ ಭಾಷೆ ಕಲಿತ ವಿದ್ಯಾರ್ಥಿಗಳಿಗೆ ‘ನಾಟ್1ಎಂಎಂ’ ಎಂಬ ಇನ್ನೊಂದು ತಂತ್ರಾಂಶವಿದೆ. ಇದರಲ್ಲಿ ಕಿಟಕಿ, ಗುಂಡಿಗಳೆಲ್ಲ ಉಂಟು. ಪ್ರಸಾರ ಮಾಡಲು ಪರವಾನಗಿ ಬೇಕು; ಆದರೆ ಈ ತಂತ್ರಾಂಶಗಳನ್ನು ಇಳಿಸಿಕೊಂಡು ಕಲಿಯಲು ಯಾರ ಅಪ್ಪಣೆಯೂ ಬೇಡ.

ಯುದ್ಧಕ್ಕೆ ಮುನ್ನ ಶಸ್ತ್ರಾಭ್ಯಾಸ

‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತನ್ನು ಹಿರಿಯರು ಸುಮ್ಮನೆ ಹೇಳಿಲ್ಲ. ಸ್ಪರ್ಧೆಯ ಬೆಳಗ್ಗೆ ತಂತ್ರಾಂಶ ಹೊಂದಿಸಲು ಕುಳಿತವರು ಮಧ್ಯಾಹ್ನದವರೆಗೂ ಅದರಲ್ಲೇ ಮುಳುಗಿರುತ್ತಾರೆ. ವಾರ ಮುಂಚೆಯೇ ತಾಲೀಮು ನಡೆಸಬೇಕು.

ಟಿಎಲ್‌ಎಫ್‌ಗೆ ಬೇಕಾದ ಸೂಚನೆಗಳೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿರುತ್ತವೆ: ನಿಮ್ಮ ಕರೆ ಸಂಕೇತ, ಸ್ಪರ್ಧೆಯ ಹೆಸರು, ರೇಡಿಯೊ ಮಾದರಿ, ತಂತಿ ಜೋಡಿಸಿದ ಕಿಂಡಿ ಇತ್ಯಾದಿ. ಜೊತೆಗೆ ಬರುವ ಮಾದರಿ ಕಡತವನ್ನು ನಕಲು ಮಾಡಿ ತಿದ್ದಿಕೊಳ್ಳುವುದು ಸುಲಭ. ಆದರೆ ಮಾದರಿಯಲ್ಲಿರುವ ಕರೆ ಸಂಕೇತ ಇನ್ನಾರದೋ ಆಗಿರುತ್ತದೆ. ಅದನ್ನು ಬದಲಿಸಲು ಮರೆತರೆ ನಿಮ್ಮ ಗಣಕ ಬೇರೊಬ್ಬರ ಹೆಸರನ್ನು ಜಗತ್ತಿಗೆಲ್ಲ ಸಾರುತ್ತದೆ!

ಹೊಸಬರನ್ನು ಕಾಡುವ ಮತ್ತೆರಡು ಸಣ್ಣ ತೊಡಕುಗಳಿವೆ. ಟಿಎಲ್‌ಎಫ್‌ಗೆ ಕನಿಷ್ಠ 80 ಅಕ್ಷರ ಅಗಲ, 25 ಸಾಲು ಎತ್ತರದ ಪರದೆ ಬೇಕು. ಕಿಟಕಿ ಚಿಕ್ಕದಾದರೆ ಅದು ತೆರೆಯುವುದೇ ಇಲ್ಲ. ಕಿಟಕಿಯನ್ನು ಹಿಗ್ಗಿಸಿದರೆ ಸಾಕು. ಇನ್ನೊಂದು, ಎಫ್1 ಗುಂಡಿ ಒತ್ತಿದರೆ ‘ಸಿಕ್ಯು’ ಕರೆ ಹೊರಡಬೇಕು. ಬದಲಿಗೆ ಸಹಾಯ ಪುಟ ತೆರೆದುಕೊಂಡರೆ, ಆ ಗುಂಡಿಯನ್ನು ಟರ್ಮಿನಲ್ ತಾನೇ ಕಬಳಿಸುತ್ತಿದೆ ಎಂದರ್ಥ. ಟರ್ಮಿನಲ್‌ನ ಶಾರ್ಟ್‌ಕಟ್‌ಗಳನ್ನು ರದ್ದುಪಡಿಸಿದರೆ ಗುಂಡಿ ನಿಮ್ಮ ಕೈಗೆ ಬರುತ್ತದೆ.

ರೇಡಿಯೊ ಮಾತು ಕೇಳದಿದ್ದರೆ

ಲಾಗ್ ತಂತ್ರಾಂಶವು ರೇಡಿಯೊದಿಂದ ಆವರ್ತನವನ್ನು ತಾನೇ ಓದಿಕೊಳ್ಳಬೇಕು. ಇಬ್ಬರ ನಡುವೆ ದುಭಾಷಿಯಂತೆ ನಿಲ್ಲುವುದು ‘ಹ್ಯಾಮ್‌ಲಿಬ್’ ಎಂಬ ಮತ್ತೊಂದು ಮುಕ್ತ ತಂತ್ರಾಂಶ. ಇನ್ನೂರಕ್ಕೂ ಹೆಚ್ಚು ಮಾದರಿ ರೇಡಿಯೊಗಳ ಭಾಷೆ ಇದಕ್ಕೆ ಗೊತ್ತು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಪರದೆಯ ಮೇಲೆ ಆವರ್ತನ ಕಾಣಿಸದಿದ್ದರೆ ಕಂಡಕಂಡ ಸೂಚನೆಗಳನ್ನೆಲ್ಲ ಬದಲಿಸಲು ಹೊರಡಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಮೊದಲು ತಂತಿ ಸರಿಯಾಗಿ ಕೂತಿದೆಯೇ? ಎರಡನೆಯದು, ತಂತಿ ಚುಚ್ಚಿದ್ದನ್ನು ಲಿನಕ್ಸ್ ಗುರುತಿಸಿದೆಯೇ? ಮೂರನೆಯದು, ಆ ಕಿಂಡಿಯನ್ನು ಬಳಸಲು ನಿಮಗೆ ಅನುಮತಿ ಇದೆಯೇ? ಹಲವು ಲಿನಕ್ಸ್‌ಗಳಲ್ಲಿ ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿದವರಿಗೆ ಮಾತ್ರ ಈ ಕಿಂಡಿ ತೆರೆಯುತ್ತದೆ. ಗುಂಪಿಗೆ ಸೇರಿಸಿಕೊಂಡ ಮೇಲೆ ಒಮ್ಮೆ ಲಾಗೌಟ್ ಆಗಿ ಮತ್ತೆ ಬರಬೇಕು. ಇದನ್ನು ಮರೆತು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವವರಿದ್ದಾರೆ. ನಾಲ್ಕನೆಯದು, ಲಾಗ್ ತಂತ್ರಾಂಶವನ್ನು ಪಕ್ಕಕ್ಕಿಟ್ಟು ಹ್ಯಾಮ್‌ಲಿಬ್ ಒಂದನ್ನೇ ಓಡಿಸಿ ಆವರ್ತನ ಕೇಳಿ ನೋಡಿ. ಉತ್ತರ ಬಂದರೆ ತಪ್ಪು ಲಾಗ್‌ನ ಕಡತದಲ್ಲಿದೆ. ಬಾರದಿದ್ದರೆ ರೇಡಿಯೊ ಮತ್ತು ಗಣಕದ ವೇಗಗಳು ಒಂದೇ ಆಗಿವೆಯೇ ಎಂದು ರೇಡಿಯೊದ ಮೆನುವಿನಲ್ಲಿ ನೋಡಿ.

‘ಹೋದ ಸಲ ಸರಿಯಾಗಿತ್ತಲ್ಲ, ಈಗೇನಾಯಿತು?’ ಎನ್ನುವವರೂ ಉಂಟು. 2020ರಲ್ಲಿ ಬಂದ ಹ್ಯಾಮ್‌ಲಿಬ್‌ನ 4ನೇ ಆವೃತ್ತಿಯಲ್ಲಿ ರೇಡಿಯೊ ಮಾದರಿಗಳ ಸಂಖ್ಯೆಗಳೇ ಬದಲಾದವು. 120 ಆಗಿದ್ದ ಯೇಸು ಎಫ್‌ಟಿ-817 ಈಗ 1020. ಹಳೆಯ ಕಡತದಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ರೇಡಿಯೊ ಮೌನ ತಾಳುವುದು ಸಹಜ. ಹಾಗೆಯೇ ಯುಎಸ್‌ಬಿ ತಂತಿಯನ್ನು ಕಿತ್ತು ಬೇರೆ ಕಡೆ ಚುಚ್ಚಿದರೆ ಕಿಂಡಿಯ ಸಂಖ್ಯೆಯೂ ಬದಲಾಗಬಹುದು. ಸಂಖ್ಯೆಯ ಬದಲು ಆ ತಂತಿಯ ಸ್ಥಿರ ಹೆಸರನ್ನು ಕಡತದಲ್ಲಿ ಬರೆದಿಟ್ಟರೆ ಈ ಕಾಟ ತಪ್ಪುತ್ತದೆ.

ಮಾರ್ಸ್ ಸಂಕೇತವನ್ನು ಗಣಕದಿಂದಲೇ ಕಳುಹಿಸುವವರಿಗೆ ಒಂದು ಎಚ್ಚರಿಕೆ. ಗಣಕ ಚಾಲೂ ಆಗುವಾಗ ಕಿಂಡಿಯಲ್ಲಿ ಕ್ಷಣಕಾಲ ವಿದ್ಯುತ್ ಹರಿದು ರೇಡಿಯೊ ತಾನಾಗಿಯೇ ಪ್ರಸಾರ ಆರಂಭಿಸಬಹುದು. ಆದ್ದರಿಂದ ಮೊದಲು ಗಣಕ, ಅದು ಪೂರ್ತಿ ಎದ್ದ ಮೇಲೆ ರೇಡಿಯೊ. ಈ ಕ್ರಮವನ್ನು ರೂಢಿ ಮಾಡಿಕೊಳ್ಳಬೇಕು.

ಪ್ರಸಾರ ಮಾಡಿದೊಡನೆ ಗಣಕ ಸ್ತಬ್ಧ

ಇನ್ನೊಂದು ವಿಚಿತ್ರ ರೋಗವಿದೆ. ಕೇಳುವಾಗ ಎಲ್ಲ ಸರಿ. ಕರೆ ಕಳುಹಿಸಿದ ಕೂಡಲೇ ಕೀಲಿಮಣೆ ಕೆಲಸ ನಿಲ್ಲಿಸುತ್ತದೆ, ಆವರ್ತನ ಮಾಯವಾಗುತ್ತದೆ. ಇಲ್ಲಿ ತಂತ್ರಾಂಶವನ್ನು ಬೈದು ಪ್ರಯೋಜನವಿಲ್ಲ. ಆಂಟೆನಾದಿಂದ ಹೊರಟ ರೇಡಿಯೊ ಅಲೆಗಳೇ ಯುಎಸ್‌ಬಿ ತಂತಿಯೊಳಗೆ ನುಗ್ಗಿ ಗಣಕವನ್ನು ತಬ್ಬಿಬ್ಬು ಮಾಡುತ್ತಿರುತ್ತವೆ.

ಇದು ನಿಜವೇ ಎಂದು ತಿಳಿಯಲು ಎರಡು ಪ್ರಯೋಗ ಸಾಕು. ಪ್ರಸಾರದ ಶಕ್ತಿಯನ್ನು 100 ವ್ಯಾಟ್‌ನಿಂದ 10ಕ್ಕೆ ಇಳಿಸಿ. ತೊಂದರೆ ಮಾಯವಾಯಿತೇ? ಆಂಟೆನಾ ಬಿಚ್ಚಿ, ಶಕ್ತಿಯನ್ನು ಬಿಸಿಯಾಗಿ ನುಂಗಿಬಿಡುವ ‘ಡಮ್ಮಿ ಲೋಡ್’ ಜೋಡಿಸಿ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡಿ. ಆಗಲೂ ಸುಮ್ಮನಿದ್ದರೆ ಅಪರಾಧಿ ಸಿಕ್ಕಿದಂತೆ. ತಂತಿಗಳನ್ನು ಗಿಡ್ಡ ಮಾಡುವುದು, ಅವುಗಳಿಗೆ ಫೆರೈಟ್ ಉಂಗುರ ತೊಡಿಸುವುದು, ಆಂಟೆನಾವನ್ನು ಕೋಣೆಯಿಂದ ದೂರಕ್ಕೆ ಒಯ್ಯುವುದು ಇದಕ್ಕೆ ಮದ್ದು. ಪಿಯುಸಿ ಭೌತಶಾಸ್ತ್ರದಲ್ಲಿ ಓದುವ ವಿದ್ಯುತ್ಕಾಂತ ಪ್ರೇರಣೆ ಇಲ್ಲಿ ಮೇಜಿನ ಮೇಲೆಯೇ ಪಾಠ ಹೇಳುತ್ತದೆ.

ಗಡಿಯಾರ ಮತ್ತು ದೇಶಗಳ ಪಟ್ಟಿ

ಸದ್ದಿಲ್ಲದೆ ಕಾಡುವ ತಪ್ಪುಗಳು ಇದಕ್ಕಿಂತ ಅಪಾಯಕಾರಿ. ಲಾಗ್‌ನಲ್ಲಿ ಸಮಯ ಯಾವಾಗಲೂ ಯುಟಿಸಿಯಲ್ಲೇ ಇರಬೇಕು. ಗಣಕದ ಕಾಲವಲಯವನ್ನು ‘ಭಾರತ’ ಎಂದು ಸರಿಯಾಗಿ ಹೊಂದಿಸಿದ್ದರೆ ತಂತ್ರಾಂಶವೇ ಐದೂವರೆ ಗಂಟೆ ಕಳೆದುಕೊಳ್ಳುತ್ತದೆ. ಆದರೆ ಕಾಲವಲಯ ಯುಟಿಸಿ ಎಂದಿರುವಾಗ ಕೈಗಡಿಯಾರ ನೋಡಿ ಭಾರತದ ಸಮಯ ತುಂಬಿದರೆ, ಇಡೀ ಲಾಗ್ ಐದೂವರೆ ಗಂಟೆ ಮುಂದಕ್ಕೆ ಓಡುತ್ತದೆ. ಪರದೆಯಲ್ಲಿ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ರಾಸ್ಪ್‌ಬೆರಿ ಪೈನಂಥ ಅಗ್ಗದ ಗಣಕಗಳ ಹಲವು ಮಾದರಿಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಇಂಟರ್‌ನೆಟ್ ಇಲ್ಲದ ಕಡೆ ಕರೆಂಟ್ ಹೋಗಿ ಬಂದರೆ ಅವುಗಳ ಗಡಿಯಾರವನ್ನು ಮತ್ತೆ ನೋಡಿ ಸರಿಪಡಿಸಲೇಬೇಕು.

ಯಾವ ಕರೆ ಸಂಕೇತ ಯಾವ ದೇಶದ್ದು ಎಂಬುದನ್ನು ತಂತ್ರಾಂಶ ತನ್ನ ಬಳಿಯಿರುವ ಪಟ್ಟಿಯಿಂದ ತಿಳಿಯುತ್ತದೆ. ಜಗತ್ತಿನ ನಕಾಶೆ ಬದಲಾದಂತೆ ಈ ಪಟ್ಟಿಯೂ ಬದಲಾಗಬೇಕು. ಹವ್ಯಾಸಿಗಳ ದೇಶಪಟ್ಟಿಗೆ ದಕ್ಷಿಣ ಸುಡಾನ್ ಸೇರಿದ್ದು 2011ರಲ್ಲಿ, ಕೊಸೊವೊ ಸೇರಿದ್ದು 2018ರಲ್ಲಿ. ಹಳೆಯ ಪಟ್ಟಿ ಇಟ್ಟುಕೊಂಡವರಿಗೆ ಕೊಸೊವೊದ ‘ಝಡ್6’ ಕೇಳಿಸಿದರೂ ಅದೊಂದು ಹೊಸ ದೇಶವೆಂದು ಗಣಕ ಹೇಳುವುದಿಲ್ಲ. ಸ್ಪರ್ಧೆಗೆ ಒಂದೆರಡು ದಿನ ಮುಂಚೆ ಹೊಸ ಪಟ್ಟಿ ಇಳಿಸಿಕೊಳ್ಳುವುದು ಜಾಣತನ.

ಸಿಕ್ಕಿತು ಲಾಗ್!

ಇನ್ನು ಆ ರಾತ್ರಿಗೆ ಮರಳೋಣ. ಬಿಕ್ಕುವ ಸದ್ದಿಗೆ ಎಚ್ಚರಗೊಂಡು ಮಹಡಿ ಹತ್ತಿ ಬಂದ ಅಪ್ಪ ಕೇಳಿದರು, “ಏನಮ್ಮಾ, ಏನಾಯ್ತು?”

“ಎಲ್ಲಾ ಹೋಯ್ತು ಅಪ್ಪಾ. ಒಂದೂ ಉಳಿದಿಲ್ಲ.”

ಅಪ್ಪನಿಗೆ ಲಿನಕ್ಸ್ ಗೊತ್ತಿಲ್ಲ. ಮನೆಯಲ್ಲಿ ಬೀಗದ ಕೈ ಕಳೆದಾಗ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಬೆಳಗ್ಗೆ ಎಲ್ಲಿ ಇಟ್ಟಿದ್ದೆ, ಅಲ್ಲೇ ನೋಡಿದ್ಯಾ?”

ಉತ್ತರ ಅದರಲ್ಲೇ ಇತ್ತು. ಟಿಎಲ್‌ಎಫ್‌ನ ಸ್ವಭಾವವೇ ಹಾಗೆ. ಯಾವ ಫೋಲ್ಡರ್‌ನಲ್ಲಿ ನಿಂತು ಅದನ್ನು ಕರೆಯುತ್ತೀರೋ ಆ ಫೋಲ್ಡರ್‌ನ ಸೂಚನೆ ಕಡತವನ್ನೂ ಲಾಗನ್ನೂ ಅದು ನೋಡುತ್ತದೆ. ಬೆಳಗ್ಗೆ ಅವಳು ಸ್ಪರ್ಧೆಗೆಂದೇ ಮಾಡಿದ ಫೋಲ್ಡರ್‌ನಿಂದ ಆರಂಭಿಸಿದ್ದಳು. ಕರೆಂಟ್ ಬಂದ ಮೇಲೆ ಗಾಬರಿಯಲ್ಲಿ ಬೇರೆ ಫೋಲ್ಡರ್‌ನಿಂದ ತೆರೆದಿದ್ದಳು. ಅಲ್ಲಿ ಲಾಗ್ ಇರಲೇ ಇಲ್ಲ. ಹಾಗಾಗಿ ತಂತ್ರಾಂಶ ಹೊಸದನ್ನು ಶುರು ಮಾಡಿತ್ತು. ಸರಿಯಾದ ಫೋಲ್ಡರ್‌ಗೆ ಹೋಗಿ ತೆರೆದೊಡನೆ 312 ಸಂಪರ್ಕಗಳೂ ಸಾಲಾಗಿ ನಿಂತವು. ಪ್ರತಿ ಸಂಪರ್ಕ ಮುಗಿದಾಗಲೂ ಅದನ್ನು ಡಿಸ್ಕಿನ ಮೇಲೆ ಒಂದು ಸಾಲು ಪಠ್ಯವಾಗಿ ಬರೆದಿಡುವ ತಂತ್ರಾಂಶ, ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತ್ತು.

ಇಲ್ಲಿ ಕಲಿಯಬೇಕಾದದ್ದು ಎರಡು. ಗಾಬರಿಯಲ್ಲಿ ಏನನ್ನೂ ಅಳಿಸಬಾರದು, ಏನನ್ನೂ ಮತ್ತೆ ಸ್ಥಾಪಿಸಬಾರದು, ಮೊದಲು ಹುಡುಕಬೇಕು. ಎರಡನೆಯದಾಗಿ, ಎರಡು-ಮೂರು ಗಂಟೆಗೊಮ್ಮೆ ಲಾಗ್ ಕಡತವನ್ನು ಪೆನ್ ಡ್ರೈವ್‌ಗೆ ನಕಲಿಸಿಡಬೇಕು. ಪಕ್ಕದಲ್ಲೊಂದು ನೋಟ್‌ಪುಸ್ತಕ, ಪೆನ್ನು ಇರಲೇಬೇಕು. ಗಣಕ ಕೈಕೊಟ್ಟರೂ ರೇಡಿಯೊ ನಿಲ್ಲುವುದಿಲ್ಲ. ಕಾಗದದ ಮೇಲೆ ಬರೆದದ್ದನ್ನು ಆಮೇಲೆ ತುಂಬಬಹುದು.

ಕಳ್ಳ ಅಂಕಕ್ಕೆ ಜಾಗವಿಲ್ಲ

ಸ್ಪರ್ಧೆ ಮುಗಿದ ಮೇಲೆ ಲಾಗನ್ನು ‘ಕ್ಯಾಬ್ರಿಲೊ’ ಎಂಬ ನಿಗದಿತ ರೂಪಕ್ಕೆ ತಂದು ಐದು ದಿನಗಳೊಳಗೆ ಕಳುಹಿಸಬೇಕು. ಟಿಎಲ್‌ಎಫ್‌ನಲ್ಲಿ ಒಂದೇ ಆಜ್ಞೆಯಲ್ಲಿ ಈ ಕಡತ ಸಿದ್ಧವಾಗುತ್ತದೆ. ಕಳುಹಿಸುವ ಮುನ್ನ ಅದನ್ನು ತೆರೆದು ಕಣ್ಣಾಡಿಸಿ: ಕರೆ ಸಂಕೇತ ನಿಮ್ಮದೇ? ವಿಭಾಗ ಸರಿಯೇ? ಎಲ್ಲ ಸಾಲಿನಲ್ಲೂ 22 ಇದೆಯೇ? ತಾಲೀಮಿನ ದಿನದ ಸುಳ್ಳು ಸಂಪರ್ಕಗಳು ಉಳಿದುಕೊಂಡಿಲ್ಲವೇ?

ತೀರ್ಪುಗಾರರ ಗಣಕ ಎಲ್ಲ ದೇಶಗಳ ಲಾಗ್‌ಗಳನ್ನು ಪರಸ್ಪರ ತಾಳೆ ನೋಡುತ್ತದೆ. ನಿಮ್ಮ ಲಾಗ್‌ನಲ್ಲಿರುವ ಜರ್ಮನಿಯವನ ಲಾಗ್‌ನಲ್ಲಿ ನೀವಿಲ್ಲದಿದ್ದರೆ ಆ ಸಂಪರ್ಕ ಹೋಗುವುದಷ್ಟೇ ಅಲ್ಲ, ದಂಡವಾಗಿ ಇನ್ನಷ್ಟು ಅಂಕವೂ ಹೋಗುತ್ತದೆ. ಅನುಮಾನ ಬಂದ ಕರೆ ಸಂಕೇತವನ್ನು ಸ್ಪರ್ಧೆ ಮುಗಿದ ಬಳಿಕ ಧ್ವನಿಮುದ್ರಣ ಕೇಳಿಯೋ, ಪಟ್ಟಿ ನೋಡಿಯೋ ತಿದ್ದುವುದು ನಿಯಮಬಾಹಿರ. ಯಾರೂ ನೋಡದ ಕೋಣೆಯಲ್ಲಿ ಕುಳಿತಾಗಲೂ ಕೇಳಿದ್ದನ್ನಷ್ಟೇ ಬರೆಯುವ ಶಿಸ್ತು ಇದು. ಪರೀಕ್ಷೆಯ ಕೊಠಡಿಗೂ ಪ್ರಯೋಗಾಲಯಕ್ಕೂ ಇದಕ್ಕಿಂತ ಒಳ್ಳೆಯ ತರಬೇತಿ ಬೇಕೇ?

ಪೋಷಕರಿಗೆ ಒಂದು ಮಾತು

‘ಇದರಿಂದ ಓದಿಗೆ ಅಡ್ಡಿಯಲ್ಲವೇ?’ ಎಂದು ತಂದೆತಾಯಿ ಕೇಳುವುದು ಸಹಜ. ದೊಡ್ಡ ಸ್ಪರ್ಧೆ ವರ್ಷದಲ್ಲಿ ಎರಡು ವಾರಾಂತ್ಯಗಳ ಮಾತು. ಇಡೀ 48 ಗಂಟೆ ಕೂರಬೇಕೆಂಬ ನಿಯಮವೂ ಇಲ್ಲ. ನಾಲ್ಕು ಗಂಟೆ ಕುಳಿತು ಲಾಗ್ ಕಳುಹಿಸಿದರೂ ಸ್ವಾಗತವೇ. ಪರವಾನಗಿ ಪಡೆದು ಮೂರು ವರ್ಷ ಮೀರದವರಿಗೆ ಹಾಗೂ 25 ವರ್ಷದೊಳಗಿನವರಿಗೆ ಪ್ರತ್ಯೇಕ ವಿಭಾಗಗಳಿವೆ. ತಂತ್ರಾಂಶಕ್ಕೆ ಒಂದು ಪೈಸೆ ಖರ್ಚಿಲ್ಲ. ಖರ್ಚಿನ ಬಾಬ್ತು ಎಂದರೆ ರೇಡಿಯೊ. ಅದಕ್ಕೂ ಮೊದಲು ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್‌ನಂಥ ಸಂಘಗಳ ಹಿರಿಯರೊಡನೆ ಮಾತನಾಡಿ, ಮಗುವಿನ ಆಸಕ್ತಿ ನಿಲ್ಲುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಲಾಭ ಅಂಕಪಟ್ಟಿಯಲ್ಲಿ ಕಾಣದಿರಬಹುದು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ನೇತೃತ್ವದ ಹವ್ಯಾಸಿಗಳ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಅಪರೂಪದ ಆ ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳಿಗೆ ಸಂಪರ್ಕ ಕೊಡುವುದಷ್ಟೇ ಅವರ ಉದ್ದೇಶವಾಗಿತ್ತು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ದ್ವೀಪಗಳ ಸಂಪರ್ಕ ಕಡಿದಾಗ ಅದೇ ನಿಲ್ದಾಣ ತುರ್ತು ಸಂದೇಶಗಳಿಗೆ ಆಸರೆಯಾಯಿತು. ಗದ್ದಲದ ನಡುವೆ ಕ್ಷೀಣ ಸಂಕೇತವನ್ನು ಹಿಡಿಯುವುದು, ಒಂದಕ್ಷರ ತಪ್ಪದಂತೆ ಬರೆದುಕೊಳ್ಳುವುದು, ಉಪಕರಣ ಕೆಟ್ಟಾಗ ಕಂಗೆಡದೆ ಕಾರಣ ಹುಡುಕುವುದು: ಇವೆಲ್ಲ ಆಪತ್ತಿನ ದಿನ ಥಟ್ಟನೆ ಬರುವ ವಿದ್ಯೆಗಳಲ್ಲ. ಆಟದಲ್ಲೇ ಕಲಿತಿರಬೇಕು.

ಮುಕ್ತ ತಂತ್ರಾಂಶ ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸುತ್ತದೆ. ದೋಷ ಕಂಡರೆ ಅದನ್ನು ಬರೆದವರಿಗೆ ತಿಳಿಸಬಹುದು: ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂದು ನಾಲ್ಕು ಸಾಲು. ಸಿ ಭಾಷೆ ಬಲ್ಲ ವಿದ್ಯಾರ್ಥಿ ಟಿಎಲ್‌ಎಫ್‌ನ ಮೂಲವನ್ನೇ ತೆರೆದು ತಿದ್ದುಪಡಿ ಸೂಚಿಸಬಹುದು. ಅದು ಒಪ್ಪಿಗೆಯಾದರೆ ಮುಂದಿನ ವರ್ಷ ಎಲ್ಲೋ ದೂರದ ದೇಶದ ಹ್ಯಾಮ್ ಒಬ್ಬರು ಅದರ ಫಲ ಉಣ್ಣುತ್ತಾರೆ.

ಅಂದ ಹಾಗೆ, ಆ ಹುಡುಗಿ ಮತ್ತೆ ಹೆಡ್‌ಫೋನ್ ಏರಿಸಿಕೊಂಡಾಗ ಗಂಟೆ ಮೂರಾಗಿತ್ತು. ಅಪ್ಪ ಕೆಳಗಿಳಿದು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಕತ್ತಲಿನ ಆಚೆಯಿಂದ ಯಾರೋ ಕಳುಹಿಸುತ್ತಿದ್ದ ಚುಕ್ಕೆ-ಗೆರೆಗಳನ್ನು ಮಗಳು ಅಕ್ಷರವಾಗಿಸುವುದನ್ನು ನೋಡುತ್ತಿದ್ದರು. ಪರದೆಯ ಮೇಲೆ 313ನೇ ಸಂಪರ್ಕ ಮೂಡಿತು.